ಇದ್ದಾರೆ ಎನ್ನಲು ಏನು ಸಾಕ್ಷಿ?

ಮೂರು ವರ್ಷದ ಹಿಂದೆ ಒಂದು ನವೆಂಬರಿನಲ್ಲಿ ನಮ್ಮ ಅಮ್ಮಿ ತೀರಿಕೊಂಡಿದ್ದರು. ಹಾಗೆಂದು ಕಾಗದದಲ್ಲಿತ್ತು. ಅಮ್ಮಿ ಮಾತ್ರ ಅಂದು ಬೆಳಿಗ್ಗೆ ಎಂದಿನಂತೆ ಫಜರ್ ನಮಾಜು ಮುಗಿಸಿ, ಕಾಫಿ ಕುಡಿದು, ಮೂಡಿಗೆರೆಯಲ್ಲಿ ಬಸ್ಸು ಹತ್ತಿ ನಮ್ಮೊಂದಿಗೆ ಚಿಕ್ಕಮಗಳೂರಿಗೆ ಬಂದಿದ್ದರು.

ಅಬ್ಬಾ ಸರಕಾರಿ ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅವರು ಹೋದ ಮೇಲೆ ಅಮ್ಮಿಗೆ ಕುಟುಂಬ ಪಿಂಚಣಿ ಬರುತ್ತದೆ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾವಿನ್ನೂ ಬದುಕಿದ್ದೇವೆಂದು ಪಿಂಚಣಿದಾರರು ತೋರಿಸಿಕೊಡಬೇಕು. ಅದಕ್ಕೆ ಜೀವಂತ ಪ್ರಮಾಣಪತ್ರ ಎಂದು ಹೆಸರು. ಅದೇ ಹೆಸರಿನ ಇನ್ಯಾರದೋ ಸಾವು ಅಮ್ಮಿಯ ಲೆಕ್ಕಕ್ಕೆ ಬಂದು ಕೂತು ಎರಡು ತಿಂಗಳಿಂದ ದುಡ್ಡು ನಿಂತಿತ್ತು.

ಕಿಟಕಿಯೊಳಗಿದ್ದ ಹುಡುಗ ಒಳ್ಳೆಯವನೇ. ಕಂಪ್ಯೂಟರ್ ನೋಡಿದ, ಅಮ್ಮಿಯ ಮುಖ ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ. “ಇಲ್ಲಿ ಡೆತ್ ಅಂತ ತೋರಿಸ್ತಾ ಇದೆ ಸಾರ್. ಬದುಕಿದ್ದಾರೆ ಅನ್ನೋದಕ್ಕೆ ಏನಾದ್ರೂ ದಾಖಲೆ ತನ್ನಿ” ಎಂದ.

ಅಮ್ಮಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಗಾಬರಿಯಾದಾಗ ಬಾಯಿಗೆ ಬರುವುದು ಮನೆಮಾತು. “ಮೈಂ ಕಬ್ ಮರೀ ಬೇಟಾ?” ಎಂದರು. ನಾನು ಯಾವಾಗ ಸತ್ತೆ ಮಗನೇ, ಎಂದು. ಸಾಲಿನಲ್ಲಿದ್ದವರು ನಕ್ಕರು. ಹುಡುಗನೂ ನಕ್ಕ. ನಾವೂ ನಕ್ಕೆವು. ದಾಖಲೆ ಮಾತ್ರ ಬೇಕೇ ಬೇಕಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಮಳೆಗಾಲ ಮುಗಿದು ಆಕಾಶ ತೊಳೆದಂತಿತ್ತು. ಚಂದ್ರದ್ರೋಣ ಬೆಟ್ಟದ ಸಾಲು ಅಂಚಿನವರೆಗೂ ಕಾಣುತ್ತಿತ್ತು. ಅಮ್ಮಿ ಅತ್ತ ನೋಡುತ್ತಾ, “ಕಣ್ಣೆದುರು ಕೂತ ನನ್ನನ್ನೇ ಇದ್ದಾಳೆ ಅಂತ ನಂಬಲಿಲ್ಲ. ಇನ್ನು ಬಾಬಾ ಇದ್ದರು ಅಂದರೆ ನಂಬುತ್ತಾರಾ?” ಎಂದರು. ತಮಾಷೆಗೇ ಅಂದದ್ದು. ಆದರೆ ಆ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ನಮ್ಮ ಮನೆಯಲ್ಲಿ ಬಾಬಾಬುಡನ್ ಇದ್ದರೇ ಎಂದು ಯಾರೂ ಕೇಳಿದವರಲ್ಲ. ಜ್ವರ ಬಂದರೆ, ಪರೀಕ್ಷೆ ಬಂದರೆ, ಹಸು ಕರು ಹಾಕಲು ತಡಮಾಡಿದರೆ ಗಿರಿಗೆ ಹರಕೆ. ಚಿಕ್ಕವರಿದ್ದಾಗ ಜೀಪಿನಲ್ಲಿ ಅತ್ತಿಗುಂಡಿ ದಾಟಿ ಹೋಗುತ್ತಿದ್ದೆವು. ಮಾಣಿಕ್ಯಧಾರೆಯಲ್ಲಿ ಮಿಂದು, ಉಟ್ಟದ್ದರಲ್ಲಿ ಒಂದು ಬಟ್ಟೆಯನ್ನು ಅಲ್ಲೇ ಬಿಟ್ಟು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ಗುಹೆಗೆ ಇಳಿಯುವುದು. ನಮ್ಮ ಹಿಂದೆ ಮುಂದೆ ಕಡೂರು, ತರೀಕೆರೆ ಕಡೆಯ ರೈತರು ತೆಂಗಿನಕಾಯಿ ಹಿಡಿದು ನಿಂತಿರುತ್ತಿದ್ದರು. ಅವರು ದತ್ತಾತ್ರೇಯ ಎನ್ನುತ್ತಿದ್ದರು, ನಾವು ದಾದಾ ಹಯಾತ್ ಎನ್ನುತ್ತಿದ್ದೆವು. ಒಳಗಿನ ಕತ್ತಲಲ್ಲಿ ದತ್ತ ಯಾವುದು ದಾದಾ ಯಾವುದು ಎಂದು ಬೇರೆ ಮಾಡಿ ಕೇಳಿಸಿಕೊಳ್ಳುವುದೂ ಕಷ್ಟ.

ಬಾಬಾರ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. 17ನೆಯ ಶತಮಾನ, ಕೆಲವರು 1670 ಎಂದು ಇಸವಿಯನ್ನೂ ಹೇಳುತ್ತಾರೆ. ಹಜ್ ಮುಗಿಸಿ ಬರುವಾಗ ಯೆಮನ್ನಿನ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದರು. ಮೊಳೆಯುವ ಬೀಜವನ್ನು ಅರಬರು ಹೊರಗೆ ಬಿಡುತ್ತಿರಲಿಲ್ಲವಂತೆ. ಅದಕ್ಕೇ ಸೊಂಟಕ್ಕೆ ಕಟ್ಟಿಕೊಂಡು ತಂದರು ಎಂದು ಒಬ್ಬರು, ಗಡ್ಡದಲ್ಲಿ ಅಡಗಿಸಿ ತಂದರು ಎಂದು ಇನ್ನೊಬ್ಬರು, ಊರುಗೋಲಿನ ಟೊಳ್ಳಿನಲ್ಲಿ ಎಂದು ಮತ್ತೊಬ್ಬರು. ದಾದಾ ಹಯಾತ್ ಮತ್ತು ಬಾಬಾಬುಡನ್ ಒಬ್ಬರೇ ಎನ್ನುವವರಿದ್ದಾರೆ. ದಾದಾ ಎಷ್ಟೋ ಶತಮಾನ ಹಿಂದಿನವರು, ಬಾಬಾ ಅವರ ಹಾದಿಯಲ್ಲಿ ಆಮೇಲೆ ಬಂದವರು ಎನ್ನುವವರೂ ಇದ್ದಾರೆ. ಬಿ.ಎಲ್. ರೈಸ್ ಅವರು 1870ರ ದಶಕದಲ್ಲಿ ಮೈಸೂರು ಗೆಜೆಟಿಯರಿನಲ್ಲಿ ಈ ಕಾಫಿಯ ಕತೆ ಬರೆಯುವ ಹೊತ್ತಿಗೆ ಏಳು ಬೀಜ ಬಿತ್ತಿ ಎರಡು ಶತಮಾನವಾಗಿತ್ತು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಓದಿದವರಿಗೆ ಗೊತ್ತು, ನಮ್ಮ ನಾಡಿನ ಇಂಥ ಸಂತರು ಕಾಗದಕ್ಕಿಂತ ಜನರ ಬಾಯಲ್ಲೇ ಹೆಚ್ಚು ಬದುಕಿದವರು.

ಇನ್ನೊಂದು ಬದಿಯಿಂದಲೂ ನೋಡಬಹುದು. ಡಚ್ಚರು 1696ರಲ್ಲಿ ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಸಾಗಿಸಿದರು, ಅವು ಪ್ರವಾಹದಲ್ಲಿ ಹಾಳಾಗಿ 1699ರಲ್ಲಿ ಮತ್ತೆ ಒಯ್ದರು ಎಂದು ಕಾಫಿಯ ಚರಿತ್ರೆ ಬರೆದವರು ಹೇಳುತ್ತಾರೆ. ಅಂದರೆ ಅಷ್ಟು ಹೊತ್ತಿಗೆ ಈ ಕಡಲ ಬದಿಯಲ್ಲಿ ಕಾಫಿ ಇತ್ತು. ಗಿಡ ತಾನೇ ಸಮುದ್ರ ದಾಟಿ ಬರುವುದಿಲ್ಲ. ಯಾರೋ ತಂದಿದ್ದಾರೆ. ಆ ಯಾರೋ ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಜಗಳ ಶುರುವಾಗುತ್ತದೆ.

ನಮ್ಮ ಪರಿಚಯದ ಪ್ಲಾಂಟರೊಬ್ಬರಿದ್ದಾರೆ. ಒಂದು ಕಾಲಕ್ಕೆ ಮಾರ್ಚಿಯ ಉರುಸಿಗೆ ಅವರ ತೋಟದಿಂದ ಒಂದು ಮೂಟೆ ಅಕ್ಕಿ ತಪ್ಪದೆ ಬರುತ್ತಿತ್ತು. ಹೊಸ ಬೆಳೆಯ ಮೊದಲ ಬೊಗಸೆ ಬಾಬಾನ ಹೆಸರಿಗೆ ತೆಗೆದಿಡುತ್ತಿದ್ದವರು. ಈಚೆಗೆ ಸಿಕ್ಕಾಗ, “ಅಂಥ ಒಬ್ಬ ಫಕೀರ ಇದ್ದ ಅನ್ನೋದಕ್ಕೆ ಏನು ಪ್ರೂಫ್ ಇದೆ ಸಾಬ್ರೇ? ಎಲ್ಲಾ ಕಟ್ಟುಕತೆ” ಎಂದರು. ಈ ನಡುವೆ ಅವರಿಗೆ ಹೊಸ ಶಾಸನವೇನೂ ಸಿಕ್ಕಿರಲಿಲ್ಲ. ಹಳೆಯ ಕಾಲದಲ್ಲಿ ಬಾಬಾ ಇದ್ದರು ಎಂದರೆ ಒಂದು ಮೂಟೆ ಅಕ್ಕಿ ಕೊಟ್ಟರೆ ಸಾಕಿತ್ತು. ಈಗ ಇದ್ದರು ಎಂದರೆ ಗುಹೆಯಲ್ಲಿ ಅವರಿಗೂ ಒಂದು ಜಾಗ ಇದೆ ಎಂದು ಒಪ್ಪಬೇಕಾಗುತ್ತದೆ. ಇಲ್ಲದವರಿಗೆ ಜಾಗ ಕೊಡಬೇಕಾಗಿಲ್ಲ.

ತಮಾಷೆಯೆಂದರೆ, ಚೀಲದ ಮೇಲೆ ಬಾಬಾ ಇರುವುದಕ್ಕೆ ಯಾರದೂ ತಕರಾರಿಲ್ಲ. 2019ರಲ್ಲಿ ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೆಲೆ ತರುವ ಹೆಸರು. ಅಲ್ಲಿ ಪ್ರೂಫ್ ಕೇಳಿದವರನ್ನು ನಾವು ಕಂಡಿಲ್ಲ.

ಸೌದಿಯಲ್ಲಿ ಹತ್ತು ವರ್ಷ ದುಡಿದು ಬಂದ ನಮ್ಮ ಮಾಮುವಿನ ಮಗನೂ ಬಾಬಾ ಇರಲಿಲ್ಲ ಎನ್ನುತ್ತಾನೆ. ದರ್ಗಾದಲ್ಲಿ ಹರಕೆ ಹೊರುವುದು ದೀನಿಗೆ ಒಪ್ಪುವುದಿಲ್ಲ ಎಂಬುದು ಅವನ ನಂಬಿಕೆ. ಅದು ಅವನ ಹಕ್ಕು. ಆದರೆ ಅಲ್ಲಿಗೆ ನಿಲ್ಲದೆ, ಅಲ್ಲಿ ಯಾರೂ ಇರಲೇ ಇಲ್ಲ ಎಂದುಬಿಟ್ಟ. ಹರಕೆ ಬೇಡ ಎನ್ನುವುದು ಒಂದು ಮಾತು, ಮನುಷ್ಯನೇ ಇರಲಿಲ್ಲ ಎನ್ನುವುದು ಬೇರೆ ಮಾತು. ಪ್ಲಾಂಟರೂ ಅವನೂ ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿಯುವವರಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದಾರೆ.

ಹಾಗಾದರೆ ನಂಬುವ ನಾವು ದೊಡ್ಡವರೇ? ಅದೂ ಇಲ್ಲ. ನೀವು ಹೊರಗಿನಿಂದ ಬಂದವರು ಎಂದು ಯಾರಾದರೂ ಅಂದಾಗ ನಮಗೆ ತಟ್ಟನೆ ನೆನಪಾಗುವುದು ಆ ಏಳು ಬೀಜ. ನೀವು ಕುಡಿಯುವ ಕಾಫಿ ನಮ್ಮ ಬಾಬಾ ತಂದದ್ದು ಎಂದು ಎದೆ ಉಬ್ಬಿಸುತ್ತೇವೆ. ಬಾಬಾ ಆಗ ನಮ್ಮ ಜೇಬಿನ ಗುರುತಿನ ಚೀಟಿ. ಅವರು ಒಬ್ಬರಲ್ಲ ಇಬ್ಬರಿರಬಹುದು, ಕತೆ ಆಮೇಲೆ ಬೆಳೆದಿರಬಹುದು ಎಂದರೆ ನಮಗೂ ಸಿಟ್ಟು ಬರುತ್ತದೆ. ನಾವೂ ಸಾಕ್ಷಿ ತೂಗಿ ನಂಬಿದವರಲ್ಲ. ನಮಗೆ ಅವರು ಬೇಕಾಗಿದ್ದಾರೆ, ನಂಬಿದ್ದೇವೆ.

ನ್ಯಾಯಾಲಯಗಳಲ್ಲಿ ಹೆಚ್ಚಾಗಿ ವಾದ ನಡೆದದ್ದು ಯಾರಿದ್ದರು ಎಂಬುದರ ಮೇಲಲ್ಲ, ಏನು ನಡೆಯುತ್ತಿತ್ತು ಎಂಬುದರ ಮೇಲೆ. 1975ರಲ್ಲಿ ಸರಕಾರ ಈ ಕ್ಷೇತ್ರವನ್ನು ಮುಜರಾಯಿಯಿಂದ ವಕ್ಫ್ ಮಂಡಳಿಗೆ ಕೊಟ್ಟಾಗ ಮೊಕದ್ದಮೆ ಹುಟ್ಟಿತು. 1980ರಲ್ಲಿ ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯ, ಇದು ಹಿಂದೂಗಳು ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಜಾಗ ಎಂದಿತು. 1989ರಲ್ಲಿ ಮುಜರಾಯಿ ಆಯುಕ್ತರು 1975ಕ್ಕೆ ಮುಂಚಿನ ಪದ್ಧತಿಗಳನ್ನು ಪಟ್ಟಿ ಮಾಡಿದರು. ಮುಜಾವರರೇ ಪೂಜೆ ನಡೆಸಲಿ ಎಂಬ 2018ರ ಸರಕಾರಿ ಆದೇಶವನ್ನು ಹೈಕೋರ್ಟು 2021ರಲ್ಲಿ ರದ್ದುಪಡಿಸಿತು. 2022ರ ಕೊನೆಗೆ ಅರ್ಚಕರು ಬಂದರು. ಹೈಕೋರ್ಟಿನ ಆ ತೀರ್ಪನ್ನು 2023ರಲ್ಲಿ ವಿಭಾಗೀಯ ಪೀಠವೂ ಎತ್ತಿಹಿಡಿಯಿತು. ಇಷ್ಟೆಲ್ಲ ಆದರೂ, ಗುಹೆಗೆ ಒಟ್ಟಿಗೇ ಇಳಿಯುತ್ತಿದ್ದ ಆ ರೈತರು ಮತ್ತು ನಾವು ಇದ್ದೆವು ಎಂಬುದನ್ನು ಯಾವ ಕಾಗದವೂ ಅಲ್ಲಗಳೆದಿಲ್ಲ. ಆದರೆ ಈಗೀಗ ಹುಟ್ಟಿದ ಮಕ್ಕಳಿಗೆ ಅದನ್ನು ಹೇಳಿದರೆ, ಅವು ಕತೆ ಕೇಳಿದಂತೆ ಕೇಳುತ್ತವೆ.

ನಮ್ಮ ಮೂಡಿಗೆರೆಯಲ್ಲೇ ಬಾಳಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲೇ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಇಟ್ಟಿದ್ದರು. ‘ಕರ್ವಾಲೋ’ ಕಾದಂಬರಿಯಲ್ಲಿ ಮಂದಣ್ಣ ಹಾರುವ ಓತಿಯನ್ನು ಕಂಡಿದ್ದಾನೆ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು, ಹಾಗಾಗಿ ಅವನು ಕಂಡದ್ದಕ್ಕೂ ಬೆಲೆಯಿಲ್ಲ. ವಿಜ್ಞಾನಿ ಕರ್ವಾಲೋ ಮಾತ್ರ ಓತಿಯನ್ನು ಕಾಣುವ ಮೊದಲೇ ಮಂದಣ್ಣನನ್ನು ನಂಬುತ್ತಾರೆ. ಕೊನೆಗೆ ಓತಿ ಕೈಗೆ ಸಿಗದೆ ಹಾರಿಹೋಗುತ್ತದೆ. ಯಾವುದು ಇದೆ ಯಾವುದು ಇಲ್ಲ ಎಂದು ಹೇಳುವ ಮೊದಲು ಯಾರ ಮಾತಿಗೆ ಕಿವಿ ಕೊಡಬೇಕು ಎಂಬುದನ್ನು ನಾವು ತೀರ್ಮಾನಿಸಿಬಿಟ್ಟಿರುತ್ತೇವೆ. ಹರೆಯದಲ್ಲಿ ಆ ಪುಸ್ತಕ ಓದಿ, ನಾವಾಗಿದ್ದರೆ ಮಂದಣ್ಣನನ್ನು ನಂಬುತ್ತಿದ್ದೆವು ಎಂದುಕೊಂಡಿದ್ದೆವು.

ಪರೀಕ್ಷೆ ಬಂದದ್ದು ಅಮ್ಮಿ ‘ತೀರಿಕೊಂಡ’ ಆ ನವೆಂಬರ್ ಕಳೆದು, ಜನವರಿಯಲ್ಲಿ. ನಮ್ಮದು ಎರಡೂವರೆ ಎಕರೆ, ತೋಟ ಎನ್ನಲು ಸಂಕೋಚವಾಗುವಷ್ಟು. ಹಣ್ಣು ಕುಯ್ಯಲು ಊರಿನ ಆಳು ಸಿಗದೆ ಅಸ್ಸಾಮಿನಿಂದ ಬಂದ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೆವು. ಈ ಕಡೆ ಅವರನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ಅಸ್ಸಾಮಿನವನೋ ಬಾಂಗ್ಲಾದವನೋ, ಆಧಾರ್ ಅಸಲಿಯೋ ನಕಲಿಯೋ. ಅವನು ಶುಕ್ರವಾರ ಜುಮ್ಮಾಕ್ಕೆ ನಮ್ಮ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದ.

ಒಂದು ಸಂಜೆ ಬಂದು ಐದು ಸಾವಿರ ಮುಂಗಡ ಕೇಳಿದ. ಊರಲ್ಲಿ ಮಗುವಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದ. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಹಣೆಗೆ ಕಾಡಿಗೆ ಇಟ್ಟ, ಕಣ್ಣು ಮುಚ್ಚಿದ ಒಂದು ಕೂಸು. ಮುಂಗಡ ತೆಗೆದುಕೊಂಡು ಓಡಿಹೋದವರ ಕತೆಗಳನ್ನು ಪಕ್ಕದ ತೋಟದವರಿಂದ ಸಾಕಷ್ಟು ಕೇಳಿದ್ದೆವು. ಫೋಟೊ ಯಾರದಾದರೂ ಆಗಿರಬಹುದು. ಇಂಥ ಮಗು ಇದೆಯೋ ಇಲ್ಲವೋ. ಐನೂರು ಕೊಟ್ಟು, ಮಿಕ್ಕದ್ದು ಕುಯ್ಲು ಮುಗಿದ ಮೇಲೆ ನೋಡೋಣ ಎಂದೆವು. ಅವನು ಏನೂ ಹೇಳಲಿಲ್ಲ. ಆ ಶನಿವಾರ ವಾರದ ಲೆಕ್ಕ ಚುಕ್ತಾ ಮಾಡಿಸಿಕೊಂಡು, ಆ ಐನೂರನ್ನೂ ಮುರಿಸಿ ಕೊಟ್ಟು ಹೊರಟುಹೋದ. ಕಳಸದ ಕಡೆ ಯಾವುದೋ ತೋಟಕ್ಕೆ ಸೇರಿದ್ದಾನೆ ಎಂದು ಯಾರೋ ಹೇಳಿದರು. ಫೋನು ಹತ್ತಲಿಲ್ಲ.

ಆ ಮಗು ಇತ್ತೋ ಇಲ್ಲವೋ ನಮಗೆ ಇಂದಿಗೂ ತಿಳಿಯದು. ತಿಳಿದದ್ದು ಇಷ್ಟೇ. ಮಗು ಇದೆ ಎಂದು ನಂಬಿದ್ದರೆ ನಮಗೆ ಐದು ಸಾವಿರ ಖರ್ಚಿತ್ತು. ಇಲ್ಲ ಎಂದರೆ ಖರ್ಚಿರಲಿಲ್ಲ. ಕಚೇರಿಯ ಆ ಹುಡುಗನಿಗಾದರೂ ಕಂಪ್ಯೂಟರ್ ಹೇಳಿತ್ತು. ನಮಗೆ ಯಾರೂ ಹೇಳಿರಲಿಲ್ಲ. ಒಂದು ಜೀವವನ್ನು ಇಲ್ಲ ಎಂದು ನಾವೇ ಬರೆದುಕೊಂಡೆವು. ಪ್ಲಾಂಟರ ಮೇಲೆ ಬಂದ ಸಿಟ್ಟು ಅಂದಿನಿಂದ ಅರ್ಧ ಇಳಿದಿದೆ.

ಅಮ್ಮಿಯ ಕೆಲಸ ಆಯಿತು. ಆಧಾರ್, ಬ್ಯಾಂಕಿನ ಪುಸ್ತಕ, ಒಬ್ಬ ಅಧಿಕಾರಿಯ ಸಹಿ, ನಾಲ್ಕು ಸಲ ಓಡಾಟ. ಮಾರ್ಚಿಯ ಹೊತ್ತಿಗೆ ಅಮ್ಮಿ ಮತ್ತೆ ಬದುಕಿದರು, ಬಾಕಿ ದುಡ್ಡೂ ಬಂತು. ಅದರಲ್ಲಿ ಐದು ಸಾವಿರ ಎಣಿಸಿ ನಮ್ಮ ಕೈಗಿಟ್ಟು, ಕಳಸದ ಕಡೆ ಹೋದಾಗ ಆ ಹುಡುಗನನ್ನು ಹುಡುಕಿ ಕೊಡಬೇಕೆಂದರು. ಎರಡು ಸಲ ಹೋಗಿ ಬಂದೆವು. ಲೈನ್ ಮನೆಗಳ ಮುಂದೆ ನಿಂತು ಕೇಳಿದೆವು. ಅಂಥ ಹುಡುಗ ಇಲ್ಲಿ ಯಾರೂ ಇಲ್ಲ ಎಂದರು. ನಮ್ಮನ್ನು ಕಂಡು ಹೆದರಿ ಹಾಗೆಂದರೋ, ನಿಜವಾಗಿಯೂ ಇರಲಿಲ್ಲವೋ.

ದುಡ್ಡು ಅಮ್ಮಿಯ ಟ್ರಂಕಿನಲ್ಲಿ, ಜೀವಂತ ಪ್ರಮಾಣಪತ್ರದ ನಕಲಿನ ಜೊತೆಗೆ ಹಾಗೇ ಇದೆ. ಆ ಮಗು ಇದೆಯೇ ಎಂದು ಅಮ್ಮಿ ಒಮ್ಮೆಯೂ ಕೇಳಲಿಲ್ಲ. ಅವರು ಕೇಳುವುದು, “ಆ ಮಗು ಈಗ ಹೇಗಿದೆಯಂತೆ?” ಎಂದು. ಹೆಸರು ಗೊತ್ತಿಲ್ಲದ್ದರಿಂದ ದುವಾದಲ್ಲೂ ಆ ಮಗು ಎಂದೇ ಅನ್ನುತ್ತಾರೆ.