ಎರಡೂವರೆ ಇಂಚಿನ ಹಿಮ್ಮಡಿ

ದೇವರ ಕಾಲಲ್ಲಿದ್ದರೆ ಪಾದುಕೆ. ಸ್ವಾಮಿಗಳ ಕಾಲಲ್ಲಿದ್ದರೆ ಹಾವಿಗೆ. ಸಾಹೇಬರ ಕಾಲಲ್ಲಿದ್ದರೆ ಬೂಟು. ಅದೇ ವಸ್ತು ರಿಪೇರಿಗೆ ಅಂತ ನಮ್ಮಪ್ಪನ ಮುಂದೆ ಬಿದ್ದ ಕೂಡಲೇ ಕೆರ, ಎಕ್ಕಡ, ಮೆಟ್ಟು. ಕನ್ನಡದಲ್ಲಿ ಕಾಲಿಗೆ ಹಾಕುವ ವಸ್ತುವಿಗೂ ಜಾತಿ ಇದೆ. ಕೆಳಗಿನ ಹೆಸರುಗಳೆಲ್ಲ ಬೈಗುಳಕ್ಕೂ ಒದಗುತ್ತವೆ. ಹೊಲಿದವನ ಹೆಸರೂ ಬೈಗುಳವೇ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ, ಓದುಗರಿಗೆ ಗೊತ್ತು.

ಜಾತಿ ಸಾಲದು ಅಂತ ಅಂಗಡಿಯವರು ಇನ್ನೊಂದು ಚೀಟಿ ಅಂಟಿಸಿದ್ದಾರೆ. ಈ ಕಡೆ ಜೆಂಟ್ಸ್, ಆ ಕಡೆ ಲೇಡೀಸ್. ಈ ಎರಡನೇ ಚೀಟಿಯ ಬಗ್ಗೆ ನಮ್ಮ ಪತ್ರಿಕೆಗಳು ಹೆಚ್ಚು ಬರೆದಿಲ್ಲ. ಬರೆಯಬೇಕಾದ ಸಂದರ್ಭ ನಮ್ಮ ಕೇರಿಯಲ್ಲೇ ಬಂತು.

ನಮ್ಮಪ್ಪ ತಾಲ್ಲೂಕು ಬಸ್ ಸ್ಟ್ಯಾಂಡಿನ ಪಕ್ಕ ಒಂದು ಟಾರ್ಪಾಲಿನ ಕೆಳಗೆ ಕೂತು ಮೂವತ್ತು ವರ್ಷವಾಯ್ತು. ನಾವು ಅದೇ ನೆರಳಲ್ಲಿ ಎಸ್.ಎಸ್.ಎಲ್.ಸಿ. ಓದಿದವರು. ಅದೇ ದುಡ್ಡಲ್ಲಿ ಬಿ.ಎ. ಮುಗಿಸಿ, ಈಗ ಪದ್ಯ ಬರೆಯುತ್ತೇವೆ ಅಂತ ತಿರುಗುವವರು. ಹೋದ ವರ್ಷ ಮಾರ್ಚಿಯಲ್ಲಿ ನಮ್ಮ ಕೇರಿಯ ಒಬ್ಬ ಹುಡುಗ ಅಲ್ಲಿಗೆ ಬಂದ. ಹೆಸರು ಬೇಡ. ಐ.ಟಿ.ಐ. ಓದುತ್ತಾನೆ, ತಮಟೆ ಬಡಿಯುತ್ತಾನೆ, ನಮ್ಮ ಹೋಬಳಿಯಲ್ಲಿ ಅವನಷ್ಟು ಚೆನ್ನಾಗಿ ಕುಣಿಯುವವರಿಲ್ಲ.

"ದೊಡ್ಡಪ್ಪ, ನನ್ ಕಾಲಿಗಾಗೋ ಹಂಗೆ ಹೀಲ್ಸ್ ಮಾಡ್ಕೊಡ್ತೀಯಾ? ಅಂಗಡೀಲಿ ಕೇಳುದ್ರೆ ನಗ್ತಾರೆ. ನನ್ ಸೈಜು ಲೇಡೀಸ್‌ನಲ್ಲಿ ಬರಲ್ವಂತೆ."

ನಮ್ಮಪ್ಪ ನಗಲಿಲ್ಲ. "ಎಷ್ಟ್ ಎತ್ರ?" ಅಂದ.

"ಎರಡೂವರೆ ಇಂಚು."

"ಕುಣೀತೀಯೇನ್ಲಾ ಹಾಕ್ಕಂಡು? ಹಂಗಾರೆ ತುದಿ ಅಗಲ ಇರ್ಬೇಕು. ಸೂಜಿ ಹಂಗಿದ್ರೆ ಕಾಲ್ ಮುರ್ಕತ್ತೀಯ."

ಆಮೇಲೆ ಎರಡು ಸಂಜೆ ಅಪ್ಪನ ಕೆಲಸ ನೋಡುತ್ತ ಕೂತೆವು. ಹಿಮ್ಮಡಿ ಎತ್ತರವಾದಷ್ಟೂ ಪಾದದ ನಡುಭಾಗ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಬರೀ ಚರ್ಮದ ಅಟ್ಟೆ ಹಾಕಿದರೆ ಅಲ್ಲೇ ಬಳುಕಿ ಮುರಿಯುತ್ತದೆ. ಅದಕ್ಕೇ ಅಟ್ಟೆಯ ಎರಡು ಪದರದ ನಡುವೆ ಬಾಗಿಸಿದ ಕಬ್ಬಿಣದ ಪಟ್ಟಿ ಇಡಬೇಕು. ಮರದ ತುಂಡನ್ನು ಕೆತ್ತಿ, ಚರ್ಮ ಸುತ್ತಿ, ಸೊಲ್ಯೂಶನ್ ಹಚ್ಚಿ, ಒಳಗಿನಿಂದ ಮೊಳೆ ಹೊಡೆಯಬೇಕು. ಮೈಭಾರ ಹಿಮ್ಮಡಿ ಬಿಟ್ಟು ಮುಂದಕ್ಕೆ ಸರಿದು ಬೆರಳುಗಳ ಮೇಲೆ ಬೀಳುತ್ತದಾದ್ದರಿಂದ ಮುಂದಿನ ಪಟ್ಟಿ ಗಟ್ಟಿ ಇರಬೇಕು. ಇಷ್ಟರಲ್ಲಿ ಗಂಡು ಎಲ್ಲಿ ಬಂತು, ಹೆಣ್ಣು ಎಲ್ಲಿ ಬಂತು? ನಾವು ಕೇಳಿದ್ದಕ್ಕೆ ಅಪ್ಪ, "ಕಾಲ್ಗೇನ್ ಗೊತ್ತಾಯ್ತದೆ ಮಗಾ, ಅಳತೆ ಕೊಟ್ರೆ ಆಯ್ತು" ಅಂದು ಬೀಡಿ ಹಚ್ಚಿದ. ಬೆಲ್ ಬಾಟಮ್ ಕಾಲದಲ್ಲಿ, ಅಂದರೆ 1970ರ ದಶಕದಲ್ಲಿ, ತಾತ ಊರಿನ ಗೌಡರ ಮಕ್ಕಳ ಬೂಟಿಗೇ ದಪ್ಪ ದಪ್ಪ ಹೀಲು ಹೊಡೆದುಕೊಟ್ಟಿದ್ದನಂತೆ. ಆಗ ಅದು ಸ್ಟೈಲು. ಯಾರೂ ನಗಲಿಲ್ಲ.

ಏಪ್ರಿಲ್ 14ರ ರಾತ್ರಿ ಜಯಂತಿಯ ವೇದಿಕೆ ಮೇಲೆ ಹುಡುಗ ಅದನ್ನು ಹಾಕಿಕೊಂಡು ಕುಣಿದ. ಕೇರಿಯ ಹೆಂಗಸರು ಶಿಳ್ಳೆ ಹೊಡೆದರು. ಹಾಡು ಅರ್ಧಕ್ಕೆ ಬಂದಿತ್ತೋ ಇಲ್ಲವೋ, ನಮ್ಮ ಸಂಘಟನೆಯ ಇಬ್ಬರು ಮುಂದಾಳುಗಳು ಸೌಂಡ್ ಬಾಕ್ಸ್ ನಿಲ್ಲಿಸಿ ಅವನನ್ನು ಕೆಳಗಿಳಿಸಿದರು. "ಇದು ಬಾಬಾಸಾಹೇಬರ ವೇದಿಕೆ ಕಣ್ಲಾ, ಹೆಣ್ಣಿಗನ ವೇಷ ಹಾಕ್ಕಂಡು ಬಂದಿದ್ದೀಯಾ? ಇದು ನಮ್ಮ ಸಂಸ್ಕೃತಿ ಅಲ್ಲ."

ಗೆಳೆಯರೆ, ಆ ಮಾತನ್ನು ನಾವು ಮೊದಲೂ ಕೇಳಿದ್ದೇವೆ. ನಮ್ಮ ತಾತ ತಾನೇ ಹೊಲಿದ ಎಕ್ಕಡವನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಿನ ಬೀದಿ ದಾಟುತ್ತಿದ್ದ. ಊರ ಬಾಗಿಲು ದಾಟಿ ಹೊಲದ ಹಾದಿ ಸಿಕ್ಕಿದ ಮೇಲೆ ಕಾಲಿಗೆ ಹಾಕುತ್ತಿದ್ದ. ಒಂದು ದಿನ ಮರೆತು ಹಾಕಿಕೊಂಡೇ ನಡೆದಾಗ ಜಗಲಿಯಿಂದ ಬಂದ ಮಾತು ಇದೇ: ನಮ್ಮೂರ ಪದ್ಧತಿ ಅಲ್ಲ ಇದು. ಪದ್ಧತಿ ಅನ್ನಿ, ಸಂಸ್ಕೃತಿ ಅನ್ನಿ, ಯಾರ ಕಾಲಲ್ಲಿ ಏನಿರಬೇಕು ಅನ್ನೋದನ್ನು ಜಗಲಿ ಮೇಲೆ ಕೂತವರು ತೀರ್ಮಾನ ಮಾಡುವುದು. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು, ಕಬ್ಬಿಣದ ಒಡವೆ ತೊಡಬೇಕು ಎನ್ನುತ್ತದೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಟ್ಟಲೆ ಏಟು ತಿಂದು, 1859ರಲ್ಲಿ ಅಪ್ಪಣೆ ಪಡೆದರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ದಿನಗಳಲ್ಲೇ ಬಾಬಾಸಾಹೇಬರು ನಮ್ಮ ಹೆಂಗಸರಿಗೆ, ಅಸ್ಪೃಶ್ಯರು ಅಂತ ಗುರುತು ಹೇಳುವ ಹಾಗೆ ಸೀರೆ ಉಡುವುದನ್ನೂ ಅಂಥ ಒಡವೆಗಳನ್ನೂ ಬಿಡಿ ಎಂದರು. ಮೈಮೇಲಿನ ಚೀಟಿ ಕಿತ್ತೆಸೆಯಿರಿ ಅಂತ ಅವರು ಹೇಳಿದ್ದು. ಅವರ ವೇದಿಕೆಯ ಹೆಸರಲ್ಲಿ ಚೀಟಿ ಅಂಟಿಸುವುದಕ್ಕೆ ನಿಂತವರನ್ನು ಏನನ್ನೋಣ?

ಇನ್ನು ಹೀಲ್ಸ್ ಹೆಂಗಸರ ವಸ್ತು ಅನ್ನುವ ಮಾತು. ಇದೂ ಸುಳ್ಳೇ. ಎತ್ತರದ ಹಿಮ್ಮಡಿ ಮೊದಲು ಬಂದದ್ದು ಪರ್ಷಿಯಾದ ಕುದುರೆ ಸವಾರರ ಕಾಲಿಗೆ. ಓಡುವ ಕುದುರೆಯ ಮೇಲೆ ರಿಕಾಪಿನಲ್ಲಿ ಎದ್ದು ನಿಂತು ಬಾಣ ಬಿಡಬೇಕಾದರೆ ಕಾಲು ಜಾರಬಾರದು. ಹಿಮ್ಮಡಿಯ ಮೆಟ್ಟಿಲು ರಿಕಾಪನ್ನು ಹಿಡಿದುಕೊಳ್ಳುತ್ತದೆ. 1599ರಲ್ಲಿ ಷಾ ಅಬ್ಬಾಸ್ ಯೂರೋಪಿನ ದೊರೆಗಳ ಬಳಿಗೆ ರಾಯಭಾರ ಕಳಿಸಿದ. ಅಲ್ಲಿನ ಸಿರಿವಂತ ಗಂಡಸರಿಗೆ ಪರ್ಷಿಯಾದ ಹುಚ್ಚು ಹತ್ತಿದ ಕಾಲ ಅದು. ಹಿಮ್ಮಡಿಯೂ ಅವರ ಕಾಲಿಗೆ ಏರಿತು. ಅಮೆರಿಕದ ದನ ಕಾಯುವವರ ಬೂಟಿನಲ್ಲಿ ಇವತ್ತಿಗೂ ಅದೇ ಸವಾರನ ಹಿಮ್ಮಡಿ ಇದೆ, ಅದನ್ನು ಹಾಕಿದವನನ್ನು ಹೆಣ್ಣಿಗ ಅಂದು ನೋಡಿ.

ಯೂರೋಪಿನ ಆ ಗಂಡಸರು ಕುದುರೆ ಇಳಿದ ಮೇಲೂ ಹಿಮ್ಮಡಿ ಬಿಚ್ಚಲಿಲ್ಲ. ಯಾಕೆ? ಅದನ್ನು ಹಾಕಿಕೊಂಡು ಗೇಯಲಾಗದು. ಉಳಲಾಗದು, ಹೊರಲಾಗದು, ಕೆಸರಲ್ಲಿ ನಡೆಯಲಾಗದು. ನಾನು ದುಡಿಯುವವನಲ್ಲ ಅಂತ ಕಾಲೇ ಸಾರಿ ಹೇಳುತ್ತದೆ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಹಿಮ್ಮಡಿಗೆ ಕೆಂಪು ಬಣ್ಣ ಬಳಿಸಿದ. ಅವನ ಆಸ್ಥಾನಕ್ಕೆ ಸೇರಿದವರಿಗೆ ಮಾತ್ರ ಆ ಕೆಂಪು ಸಲ್ಲುತ್ತಿತ್ತು. 1701ರಲ್ಲಿ ರಿಗೋ ಎಂಬುವನು ಬರೆದ ಅವನ ಚಿತ್ರ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅರವತ್ತು ದಾಟಿದ ದೊರೆ ಬಿಳಿ ಕಾಲುಚೀಲದ ಕಾಲು ಮುಂದೆ ಚಾಚಿ, ಕೆಂಪು ಹಿಮ್ಮಡಿ ತೋರಿಸಿ, ಉದ್ದ ಕೂದಲಿನ ಟೋಪಿ ಹಾಕಿ ನಿಂತಿದ್ದಾನೆ. ನಮ್ಮ ಮುಂದಾಳುಗಳ ಕೈಗೆ ಸಿಕ್ಕಿದ್ದರೆ ಅವನನ್ನೂ ಇಳಿಸುತ್ತಿದ್ದರೇನೋ! ಒಂದೇ ವ್ಯತ್ಯಾಸ: ಆತ ಇಡೀ ದೇಶದ ರೈತರ ಬೆನ್ನ ಮೇಲೆ ನಿಂತಿದ್ದ, ನಮ್ಮ ಹುಡುಗ ಬಾಡಿಗೆ ಹಲಗೆಯ ಮೇಲೆ ನಿಂತಿದ್ದ.

ಹದಿನೆಂಟನೇ ಶತಮಾನದ ನಡುಭಾಗದ ಹೊತ್ತಿಗೆ ಅಲ್ಲಿನ ಗಂಡಸರು ಹಿಮ್ಮಡಿ ಬಿಟ್ಟರು. ಗಂಡು ವಿವೇಕಿ, ಅವನಿಗೆ ಅಲಂಕಾರ ಬೇಡ. ಹೆಣ್ಣು ಚಪಲೆ, ಅವಳಿಗೆ ಅದೇ ಸಾಕು ಎಂಬ ವಿಚಾರ ಬೆಳೆದ ಕಾಲ. ಅಂದರೆ ಒಂದು ಚೀಟಿ ಕಿತ್ತು ಇನ್ನೊಂದು ಚೀಟಿ ಅಂಟಿಸಿದರು, ಚಪ್ಪಲಿ ಅದೇ. 1950ರ ದಶಕದಲ್ಲಿ ಹಿಮ್ಮಡಿಯನ್ನು ಸೂಜಿಯ ಹಾಗೆ ಸಣ್ಣಗೆ ಮಾಡಿ ಸ್ಟಿಲೆಟ್ಟೊ ಎಂದು ಕರೆದರು; ಇಟಲಿಯ ಮಾತಿನಲ್ಲಿ ಅದು ಸಣ್ಣ ಬಾಕು. ಹೆಂಗಸಿನ ಕಾಲಿಗೇ ಬಾಕು.

ಹಾಗಂತ ಹೀಲ್ಸ್ ಹಾಕಿದರೆ ವಿಮೋಚನೆ ಅಂತ ನಾವು ಹೇಳುತ್ತಿಲ್ಲ. ನಮ್ಮ ತಂಗಿ ಬೆಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹತ್ತು ಗಂಟೆ ನಿಂತೇ ಇರಬೇಕು, ಅದೂ ಹೀಲ್ಸ್ ಹಾಕಿ. ತಿಂಗಳಿಗೊಮ್ಮೆ ಊರಿಗೆ ಬಂದರೆ ಬಿಸಿನೀರಿನ ಬಕೀಟಿನಲ್ಲಿ ಕಾಲಿಟ್ಟು ಕೂರುತ್ತಾಳೆ, ಅವ್ವ ಹರಳೆಣ್ಣೆ ತಿಕ್ಕುತ್ತಾಳೆ. ಅವಳ ಜೊತೆ ಅದೇ ಕೆಲಸ ಮಾಡುವ ಗಂಡು ಹುಡುಗರಿಗೆ ಸಾದಾ ಬೂಟು. (ಅವಳ ಯೂನಿಫಾರಮ್ಮಿಗೆ ಜೇಬೂ ಇಲ್ಲ. ಬಸ್ಸಿನ ಚಿಲ್ಲರೆಯನ್ನು ಕರ್ಚೀಪಿನಲ್ಲಿ ಗಂಟು ಹಾಕಿಕೊಳ್ಳುತ್ತಾಳೆ. ಜೇಬು ಕೂಡ ಗಂಡಸಿನದೇ ಆಸ್ತಿ ನೋಡಿ.) ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಎಂಬಾಕೆ ಹೀಲ್ಸ್ ಹಾಕಲಿಲ್ಲವೆಂದು ಕೆಲಸದಿಂದ ವಾಪಸ್ ಕಳಿಸಿಕೊಂಡು, 2016ರಲ್ಲಿ ಸಹಿ ಸಂಗ್ರಹ ನಡೆಸಿ ಪಾರ್ಲಿಮೆಂಟಿನವರೆಗೆ ವಿಷಯ ಒಯ್ದರು. ಜಪಾನಿನಲ್ಲಿ 2019ರಲ್ಲಿ ಯುಮಿ ಇಶಿಕಾವ ಅದನ್ನೇ ಚಳವಳಿ ಮಾಡಿದರು. ನಮ್ಮ ತಂಗಿಗೆ ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಅವಳಿಗೆ ತೊಡು ಅನ್ನುವ ಮಾಲೀಕನ ಕೈಯಲ್ಲೂ, ಹುಡುಗನಿಗೆ ಬಿಚ್ಚು ಅನ್ನುವ ಮುಂದಾಳಿನ ಕೈಯಲ್ಲೂ ಇರುವ ದೊಣ್ಣೆ ಬೇರೆ ಬೇರೆಯಲ್ಲ.

ಆ ದೊಣ್ಣೆಯ ಚರಿತ್ರೆ ನಮ್ಮವರಿಗೆ ಗೊತ್ತಿರಬೇಕು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತಂದರು. ಹುಟ್ಟಿನಿಂದಲೇ ಕಳ್ಳರು ಅಂತ ಅಲೆಮಾರಿ ಸಮುದಾಯಗಳಿಗೆ ಹಣೆಪಟ್ಟಿ ಕಟ್ಟಿದ ಕಾಯಿದೆ ಅಂತ ಎಲ್ಲ ಭಾಷಣಗಳಲ್ಲೂ ಹೇಳುತ್ತೇವೆ. ಅದೇ ಕಾಯಿದೆಯ ಎರಡನೇ ಭಾಗವನ್ನು ಯಾರೂ ಹೇಳುವುದಿಲ್ಲ. ಪೊಲೀಸರ ಪಟ್ಟಿಯಲ್ಲಿ ಹಿಜಡಾ ಎಂದು ಬರೆಸಿಕೊಂಡವರು ಹೆಣ್ಣಿನಂತೆ ಉಟ್ಟು ತೊಟ್ಟು ಬೀದಿಯಲ್ಲಿ ಕಂಡರೆ, ಜನರೆದುರು ಹಾಡಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಬುಡಕಟ್ಟಿನವರಿಗೂ ಸೀರೆ ಉಟ್ಟ ಗಂಡಿಗೂ ಒಂದೇ ಕಾಗದದಲ್ಲಿ ಬೇಡಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ, ತಾನು ಯಾರೆಂದು ಉಡುಗೆಯ ಮೂಲಕ ಹೇಳಿಕೊಳ್ಳುವುದೂ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯವೇ ಎಂದಿತು. ಆ 19ನೇ ವಿಧಿ ಇರುವ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರು ಯಾರಾಗಿದ್ದರು ಅಂತ ಜಯಂತಿ ಮಾಡುವವರಿಗೆ ಹೇಳಿಕೊಡಬೇಕೇ?

ನಮ್ಮ ಹುಡುಗ ತಾನು ಹೆಣ್ಣು ಅಂತಲೂ ಹೇಳಿಲ್ಲ, ಅಲ್ಲ ಅಂತಲೂ ಹೇಳಿಲ್ಲ. ಅದು ಅವನ ವಿಷಯ. ಹಾಕಿಕೊಂಡರೆ ಕುಣಿತ ಎದ್ದು ಕಾಣುತ್ತದೆ ಅಂದ, ಅಷ್ಟೆ. ಯಕ್ಷಗಾನದಲ್ಲಿ ಗಂಡಸು ದ್ರೌಪದಿಯಾದರೆ ಕಲೆ. ಕೊರಳಲ್ಲಿ ಮುತ್ತು ಕಟ್ಟಿದ ಜೋಗಪ್ಪ ಬಂದರೆ ತಾಯಿ ಅಂತ ಕಾಲಿಗೆ ಬೀಳುತ್ತಾರೆ, ತಿರುಗಿದ ಮೇಲೆ ನಗುತ್ತಾರೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಸಂಘಟನೆಯ ಇದೇ ಮುಂದಾಳುಗಳು ಫ್ಲೆಕ್ಸ್ ಕಟ್ಟಿಸಿದ್ದರು. ದೂರದವರಾದರೆ ಗೌರವ, ಕೇರಿಯವನಾದರೆ ಮರ್ಯಾದೆ ಪ್ರಶ್ನೆ.

ಇಳಿಸಿದ ಮಾರನೇ ದಿನ ನಾವು ಆ ಇಬ್ಬರ ಹತ್ತಿರ ಹೋಗಿ ಕೇಳಿದೆವು. ಒಬ್ಬರು, ನಮ್ಮ ಹುಡುಗರು ಗಂಡಸರಾಗಿ ನಿಲ್ಲಬೇಕಾದ ಕಾಲ ಇದು, ಮೇಲಿನವರು ನಗುತ್ತಾರೆ ಅಂದರು. ಮೇಲಿನವರು ನಗುತ್ತಾರೆ ಅಂತಲೇ ತಾತ ಎಕ್ಕಡ ಕಂಕುಳಲ್ಲಿ ಇಟ್ಟುಕೊಂಡದ್ದು, ಅಣ್ಣಾ, ಅಂದೆವು. ಅವರು ಮಾತು ತಿರುಗಿಸಿ ಮುಂದಿನ ಧರಣಿಯ ಪಟ್ಟಿ ತೆಗೆದರು. ಸ್ಮಶಾನದ ಜಾಗ ಅಳತೆ ಮಾಡಿಕೊಡದ ತಹಸೀಲ್ದಾರರ ವಿರುದ್ಧ ಧರಣಿ. ಪಟ್ಟಿಯಲ್ಲಿ ಶಾಮಿಯಾನ, ಮೈಕು, ತಮಟೆ ಆರು, ಹಸಿರು ಬಳೆ ಎರಡು ಡಜನ್, ಸೀರೆ ಒಂದು. ಬಳೆ ಸೀರೆ ಯಾಕೆ ಅಂದರೆ, ಅಧಿಕಾರಿಗೆ ಕೊಟ್ಟು ನಾಚಿಕೆ ಪಡಿಸಲು. ಧರಣಿಯ ಮುಂದಿನ ಸಾಲಿನಲ್ಲಿ ಬಿಸಿಲಿಗೆ ಕೂರುವವರೆಲ್ಲ ಬಳೆ ತೊಟ್ಟವರೇ, ನಮ್ಮವ್ವನೂ ಅವರಲ್ಲೊಬ್ಬಳು. ಅದನ್ನೇ ಹೇಳಿ, ಆ ಎರಡು ಬಾಬ್ತು ಹೊಡೆದು ಹಾಕಿ ಅಂದೆವು.

ಒಬ್ಬರು ಪೆನ್ನು ತೆಗೆದು ಹೊಡೆದು ಹಾಕಿದರು. ಇನ್ನೊಬ್ಬರು ಇನ್ನೂ ನಮ್ಮ ಜೊತೆ ಮಾತಾಡುತ್ತಿಲ್ಲ. ತಮಟೆ ಆರಕ್ಕೆ ಹುಡುಗನ ಹೆಸರೂ ಸೇರಿತು. ಕಾಲಿಗೆ ಏನು ಹಾಕಿಕೊಂಡು ಬರುತ್ತೀಯಾ ಅಂತ ಅವನನ್ನು ಈ ಸಲ ಯಾರೂ ಕೇಳಿಲ್ಲ. ಹಿಮ್ಮಡಿಯ ತುದಿ ಸವೆದಿತ್ತು, ಮೊನ್ನೆ ಅಪ್ಪ ಹೊಸ ರಬ್ಬರು ಹೊಡೆದುಕೊಟ್ಟ.