ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಹೊಸ ಪ್ಲಗ್ ಹಾಕಿಕೊಂಡು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ 35 ಕಿಲೋಮೀಟರ್ ಚಿಲ್ಲರೆ. ಬಸ್ಸಿನಲ್ಲಿ ಕೂತರೆ ಹೆಚ್ಚುಕಡಿಮೆ ಒಂದು ಗಂಟೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಕೆಲವು ವರ್ಷ ನಾನು ದಿನವೂ ಈ ದಾರಿಯಲ್ಲೇ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ನಿವೃತ್ತಿಯಾಗಿ ಹತ್ತು ವರ್ಷದ ಮೇಲಾಯಿತು. ಗಾಡಿ ಮಾತ್ರ ಅದೇ ಇದೆ, ಯೆಜ್ಡಿ.

ಈಗಿನ ಮಕ್ಕಳಿಗೆ ಈ ಗಾಡಿಯ ಕಥೆ ಹೇಳಬೇಕು. ಇದು ನಮ್ಮ ಮೈಸೂರಿನ ಕೂಸು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ತಯಾರಾಗುತ್ತಿದ್ದವು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು. ಬಂಡೀಪುರಕ್ಕೆ ಹುಲಿ ಯೋಜನೆ ಬಂದದ್ದೂ ಅದೇ ವರ್ಷ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ಕರ್ ಹೊಡೆದು ಗಾಡಿ ಶುರು ಮಾಡಿ, ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತದೆ! ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಬೆರೆಸಬೇಕು. ನಾನು ಲೀಟರಿಗೆ 40 ಎಂ.ಎಲ್. ಹಾಕುತ್ತೇನೆ.

ಈ ಸಲ ರಜೆಗೆ ಬಂದ ಮೊಮ್ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕು, ಅದೂ ತಾತನ ಯೆಜ್ಡಿಯಲ್ಲೇ ಹೋಗಬೇಕು. ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಹೇಳಿದಳು: "ಅಪ್ಪಾ, ನಿಮ್ಮ ಕಣ್ಣನ್ನೂ ತೋರಿಸಿ, ಗಾಡಿಯ ಬ್ರೇಕನ್ನೂ ತೋರಿಸಿ. ಎರಡೂ ಸರಿ ಇದ್ದರೆ ಮಾತ್ರ." ಕಣ್ಣಿನದು ಆಗಿತ್ತು, ಈ ವಯಸ್ಸಿನಲ್ಲಿ ಲೈಸೆನ್ಸ್ ಬೇಕೆಂದರೆ ಡಾಕ್ಟರ ಸರ್ಟಿಫಿಕೇಟ್ ಕೊಡಲೇಬೇಕು. ಬ್ರೇಕ್ ತೋರಿಸಲು ಮೊಮ್ಮಗಳನ್ನೂ ಕರೆದುಕೊಂಡು ನಮ್ಮ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದೆ.

ಮೊದಲು ಪ್ಲಗ್ ಬಿಚ್ಚಿದರು. ಎರಡು ದಿನದಿಂದ ಗಾಡಿ ಏರಿನಲ್ಲಿ ಒಂದೊಂದು ಸಲ 'ಮಿಸ್' ಹೊಡೆಯುತ್ತಿತ್ತು. ಪ್ಲಗ್ ನೋಡಲು ಹೆಬ್ಬೆರಳಿನಷ್ಟು, ಮಾಡುವ ಕೆಲಸ ಮಾತ್ರ ದೊಡ್ಡದು. ಸಾವಿರಾರು ವೋಲ್ಟ್ ವಿದ್ಯುತ್ತು ಅದರ ತುದಿಯ ಸಣ್ಣ ಸಂದಿಯನ್ನು ಹಾರಿ ಕಿಡಿಯಾಗುತ್ತದೆ, ಆ ಕಿಡಿ ಪೆಟ್ರೋಲ್ ಆವಿಯನ್ನು ಹೊತ್ತಿಸುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಕಿಡಿ! ಮೊಮ್ಮಗಳು ಲೆಕ್ಕ ಹಾಕಿ ನೋಡಿ, ಸರಿ ಎಂದಳು.

ನಮ್ಮ ಪ್ಲಗ್ಗಿನ ತುದಿ ಕಪ್ಪಾಗಿ, ಎಣ್ಣೆ ಜಿಡ್ಡಿನಿಂದ ಒದ್ದೆಯಾಗಿತ್ತು. ಮೆಕ್ಯಾನಿಕ್ ಅದನ್ನು ಅವಳ ಅಂಗೈ ಮೇಲಿಟ್ಟು ಪಾಠ ಮಾಡಿದರು. "ನೋಡವ್ವ, ಕರ್ರಗಿದ್ರೆ ಎಣ್ಣೆ ಇಲ್ಲಾ ಪೆಟ್ರೋಲು ಜಾಸ್ತಿ. ಬೆಳ್ಳಗಿದ್ರೆ ಎಂಜಿನ್ನು ಕಾಯ್ತಾ ಅದೆ ಅಂತ. ಹುರಿದ ಕಾಫಿ ಬೀಜದ ಬಣ್ಣ ಇದ್ರೆ ಎಲ್ಲಾ ಸರಿ ಅದೆ ಅಂತ ಲೆಕ್ಕ." ಬ್ಯಾಂಕಿನ ಪಾಸ್‌ಬುಕ್ ನೋಡಿದಂತೆಯೇ ಇದು. ಒಳಗೆ ಏನು ನಡೆದಿದೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಒಂದು ಕಾಲಕ್ಕೆ ನಾವು ಅಂಗಡಿಗೆ ಹೋಗಿ 'ಮೈಕೋ ಪ್ಲಗ್ ಕೊಡಿ' ಎಂದೇ ಕೇಳುತ್ತಿದ್ದೆವು. ಬೆಂಗಳೂರಿನ ಆ ಮೈಕೋ 2008ರಿಂದ ಬಾಷ್ ಆಗಿದೆ. ಹೊಸ ಪ್ಲಗ್ಗಿನ ಸಂದಿಯನ್ನು ಅಳತೆ ಪಟ್ಟಿಯಿಂದ ನೋಡಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪ್ಯಾನರ್ ಹಾಕಿದರು. ಮೊದಲೇ ಸ್ಪ್ಯಾನರ್ ಹಾಕಿ ಓರೆಯಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ. ಪ್ಲಗ್ಗಿನ ಬೆಲೆ ಅಲ್ಪ, ಮರೆ ಹಾಳಾದರೆ ಖರ್ಚು ಅಷ್ಟಿಷ್ಟಲ್ಲ.

ಆಮೇಲೆ ಬ್ರೇಕ್. "ಅಪ್ಪನ ಬೈಕಿಗೆ ಬ್ರೇಕ್ ಪ್ಯಾಡ್ ಹಾಕಿಸಿದರು, ಇದಕ್ಕೆ ಪ್ಯಾಡ್ ಎಲ್ಲಿದೆ ತಾತ?" ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆ. ಈಗಿನ ಗಾಡಿಗಳಲ್ಲಿ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯೊಂದಿರುತ್ತದೆ. ಅದನ್ನು ಎರಡು ಕಡೆಯಿಂದ ಪ್ಯಾಡ್‌ಗಳು ಅವುಚಿ ಹಿಡಿಯುತ್ತವೆ, ಸೈಕಲ್ಲಿನ ಬ್ರೇಕ್ ರಬ್ಬರು ರಿಮ್ಮನ್ನು ಹಿಡಿಯುವ ಹಾಗೆ. ಯೆಜ್ಡಿಯದು ಡ್ರಮ್ ಬ್ರೇಕ್. ಡ್ರಮ್ಮಿನ ಒಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂ ಇರುತ್ತವೆ. ತಿರುಗುವ ಬಿಂದಿಗೆಯೊಳಗೆ ಎರಡು ಕೈ ಹಾಕಿ ಹೊರಕ್ಕೆ ಒತ್ತಿ ಹಿಡಿದಂತೆ, ಪೆಡಲ್ ತುಳಿದಾಗ ಅವು ಅಗಲವಾಗಿ ಡ್ರಮ್ಮನ್ನು ಒತ್ತುತ್ತವೆ. ಶೂಗೆ ಅಂಟಿಸಿದ ಲೈನರ್ ಸವೆಯುತ್ತಾ ಹೋದ ಹಾಗೆ ಪೆಡಲ್ ಕೆಳಗಿಳಿಯುತ್ತದೆ. ನಟ್ಟು ಬಿಗಿ ಮಾಡಿದರೆ ಸ್ವಲ್ಪ ದಿನ ನಡೆಯುತ್ತದೆ. ನಮ್ಮ ಗಾಡಿಯಲ್ಲಿ ಬಿಗಿ ಮಾಡಲು ಇನ್ನು ಜಾಗವಿರಲಿಲ್ಲ.

ಚಕ್ರ ಬಿಚ್ಚಿದಾಗ ಒಳಗೆಲ್ಲ ಕಪ್ಪು ಪುಡಿ. ಅವಳು ಊದಲು ಬಗ್ಗಿದಳು, ನಾನು ತಡೆದೆ. ಹಳೆಯ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಬೇಕೇ ಹೊರತು ಊದಬಾರದು.

"ಊರೊಳಗೇ ಓಡ್ಸದಾದ್ರೆ ಇನ್ನಷ್ಟು ದಿನ ಎಳೀಬೌದು ಸಾ. ಮಗೀನ ಕೂರುಸ್ಕಂಡು ಬೆಟ್ಟದ ಕಡೀಕೆ ಅಂದ್ರೆ ನಾ ಒಪ್ಪಕ್ಕಿಲ್ಲ" ಎಂದರು ಮೆಕ್ಯಾನಿಕ್. ಹೊಸ ಶೂ ಅವರ ಬಳಿ ಇರಲಿಲ್ಲ. ಮೈಸೂರಿನಿಂದ ತರಿಸಲು ಎರಡು ದಿನ ಬೇಕು. ಮೊಮ್ಮಗಳು ಊರಿಗೆ ಹೊರಡಲು ಉಳಿದಿದ್ದದ್ದು ನಾಲ್ಕೇ ದಿನ. ಅವಳ ಮುಖ ಸಪ್ಪಗಾಯಿತು. ಮುಂದಿನ ಬ್ರೇಕ್ ಒಂದರಲ್ಲೇ ನಿಧಾನವಾಗಿ ಹೋಗಬಹುದಲ್ಲ ಎಂದಳು. ಆಗುವುದಿಲ್ಲ ಎಂದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಇಳಿಜಾರಿನಲ್ಲಿ ಎಂಜಿನ್ ಹೆಚ್ಚು ತಡೆ ಕೊಡುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆಯೇ. ಆ ಎರಡು ದಿನ ಚಾಮರಾಜೇಶ್ವರ ದೇವಸ್ಥಾನ ಸುತ್ತಿದೆವು. ಹಿಂದೆ ಅರಿಕುಠಾರ ಎನಿಸಿಕೊಂಡಿದ್ದ ಈ ಊರಿಗೆ ತಂದೆ ಚಾಮರಾಜ ಒಡೆಯರ ಹೆಸರಿಟ್ಟು, ದೇವಸ್ಥಾನ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವಳಿಗೆ ಅದೂ ಇಷ್ಟವಾಯಿತು, ಆದರೆ ಕಿವಿಯೆಲ್ಲ ಮೆಕ್ಯಾನಿಕ್ಕಿನ ಫೋನಿನ ಕಡೆಗೇ.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟೆವು. ಹೊಸ ಶೂ ಹಾಕಿದ ಕೂಡಲೇ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ, ಡ್ರಮ್ಮಿಗೆ ಹೊಂದಿಕೊಳ್ಳಬೇಕು. ಹಾಗಾಗಿ ಹಿಂದಿನ ಸಂಜೆಯೇ ಊರ ಹೊರಗೆ ಒಬ್ಬನೇ ಹೋಗಿ, ಮೆಲ್ಲಗೆ ಹಿಡಿಯುತ್ತಾ ಬಿಡುತ್ತಾ ಒಂದಷ್ಟು ದೂರ ಓಡಿಸಿ ಬಂದಿದ್ದೆ.

ದಾರಿಯುದ್ದಕ್ಕೂ ಅರಿಸಿನ, ಬಾಳೆ, ನಡುನಡುವೆ ಸೂರ್ಯಕಾಂತಿ. ತೆರಕಣಾಂಬಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಅರಿಸಿನದ ಹೊಲದಿಂದ ಕರುವೊಂದು ಬಾಲವೆತ್ತಿಕೊಂಡು ರಸ್ತೆಗೆ ನೆಗೆಯಿತು. ಎರಡೂ ಬ್ರೇಕ್ ಒತ್ತಿದೆ. ಗಾಡಿ ಓರೆಯಾಗಲಿಲ್ಲ, ನೆಟ್ಟಗೆ ನಿಂತಿತು. ಮೊಮ್ಮಗಳ ಹೆಲ್ಮೆಟ್ ನನ್ನ ಬೆನ್ನಿಗೆ ಬಡಿಯಿತು, ಅಷ್ಟೇ. ಕರು ನಮ್ಮನ್ನೊಮ್ಮೆ ನೋಡಿ ಆಚೆ ಬದಿಗೆ ಹೋಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದೆವು. ಇಲ್ಲಿಂದ ಒಂದು ರಸ್ತೆ ಊಟಿಗೆ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೆ. ಎರಡೂ ಬಂಡೀಪುರದ ಕಾಡನ್ನು ಹಾದೇ ಹೋಗಬೇಕು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಾಮಾನ್ಯ ವಾಹನಗಳು ಓಡುವಂತಿಲ್ಲ. ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಆದರೆ ಕೆಟ್ಟ ಪ್ಲಗ್ಗಿಗೆ ಕಾನೂನು ಗೊತ್ತೇ? ಆನೆ ಓಡಾಡುವ ಜಾಗದಲ್ಲೇ ಅದು ಕೈಕೊಡಬಹುದು. ನಾವು ಕಾಡಿನ ಒಳದಾರಿ ಹಿಡಿಯದೆ, ಊಟಿ ರಸ್ತೆಯ ಹಂಗಳದಲ್ಲಿ ಬಲಕ್ಕೆ ತಿರುಗಿ ಬೆಟ್ಟದ ತಪ್ಪಲಿಗೆ ಹೋದೆವು. ಬೆಟ್ಟದ ಎತ್ತರ 1454 ಮೀಟರ್. ಮೊದಲೆಲ್ಲ ಮೇಲಿನವರೆಗೂ ಸ್ವಂತ ಗಾಡಿಯಲ್ಲೇ ಹೋಗಬಹುದಿತ್ತು, ಈಗ ತಪ್ಪಲಲ್ಲಿ ಬಿಟ್ಟು ಸರ್ಕಾರಿ ಬಸ್ ಹತ್ತಬೇಕು. ನನ್ನ ಮಟ್ಟಿಗೆ ಇದೇ ಒಳ್ಳೆಯದು. ಕಾಡಿಗೂ ಗಲಾಟೆ ಕಡಿಮೆ, ಕಿಟಕಿಯ ಪಕ್ಕ ಕೂತವರಿಗೆ ನೋಡಲು ಬಿಡುವು.

ಮೇಲೆ ಮಂಜು ಮುಸುಕಿ ದೇವಸ್ಥಾನದ ಗೋಪುರ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ದರ್ಶನ ಮುಗಿಸಿ ಇಳಿದು ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. 50 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಪ್ಲಗ್ ನೋಡಿ ಎಂದು ಮೆಕ್ಯಾನಿಕ್ ಹೇಳಿದ್ದರು. ಸ್ಪ್ಯಾನರನ್ನು ಮೊಮ್ಮಗಳ ಕೈಗೆ ಕೊಟ್ಟೆ. ಎರಡು ಕೈಯಲ್ಲಿ ತಿರುಗಿಸಿ ಪ್ಲಗ್ ಹೊರಗೆ ತೆಗೆದು, ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ಹೊರಳಿಸಿ ನೋಡಿದಳು.

"ಕರ್ರಗಿಲ್ಲ ತಾತ, ಬೆಳ್ಳಗೂ ಇಲ್ಲ. ಕಾಫಿ ಬೀಜ ಇನ್ನೂ ಪೂರ್ತಿ ಹುರಿದಿಲ್ಲ" ಎಂದಳು.

"ವಾಪಸ್ ಹೋಗುವಷ್ಟರಲ್ಲಿ ಹುರಿಯುತ್ತೆ ಬಿಡು. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸು" ಎಂದೆ.