ಆಲೂರು ಸೀಮೆಯಲ್ಲಿ ಒಂದು ದಿನ

ಹೆಣ್ಣು ಕೊಟ್ಟ ಮಾವನ ಮನೆಗೆ ಹೋಗಿಬರುವುದನ್ನು ಪ್ರವಾಸವೆಂದು ಕರೆಯಬಹುದೇ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹನ್ನೊಂದು ವರ್ಷಗಳಿಂದ ಹಾಸನ ಜಿಲ್ಲೆಯ ಆಲೂರಿಗೆ ಹೋಗುತ್ತಿದ್ದರೂ ನಾನು ಅಲ್ಲಿ ಕಂಡದ್ದು ಬಹುಮಟ್ಟಿಗೆ ಜಗಲಿಯನ್ನೂ ಅಡಿಗೆಮನೆಯನ್ನೂ ಮಾತ್ರ. ಕಳೆದ ದಸರಾ ರಜೆಯಲ್ಲಿ ಮಕ್ಕಳಿಬ್ಬರೂ ಹಟ ಹಿಡಿದುದರಿಂದ ಒಂದು ದಿನವನ್ನು ಸುತ್ತಾಟಕ್ಕೆಂದೇ ಮೀಸಲಿಟ್ಟೆವು. ಬೆಳಗ್ಗೆ ಮಂಜರಾಬಾದ್ ಕೋಟೆ, ಮಧ್ಯಾಹ್ನ ಸಕಲೇಶಪುರ, ಸಂಜೆ ಶೆಟ್ಟಿಹಳ್ಳಿಯ ನೀರೊಳಗಿನ ಚರ್ಚು ಎಂದು ನಾನು ಕಾಲಪಟ್ಟಿ ಓದಿದಾಗ, ಎಲ್ಲಿಗೂ ಹೊರಡದ ಮಾವನವರು, "ಶೆಟ್ಟಿಹಳ್ಳಿಗೆ ಹೋಗೋದಾದರೆ ನಾನೂ ಬರ್ತೀನಿ" ಎಂದರು. ಅತ್ತೆಯವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಒಮ್ಮೆ ಅವರ ಮುಖ ನೋಡಿದರು, ಏನೂ ಹೇಳಲಿಲ್ಲ.

ಮಲೆನಾಡಿನ ಸೆರಗಿನಲ್ಲಿ ದಿನ ಆರಂಭವಾಗುವುದು ಕಡುಬಿನಿಂದ. ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟು ತೆಗೆದ ಈ ತಿಂಡಿಗೆ ಕಾಯಿಚಟ್ನಿ, ಕಾಳಿನ ಸಾರು, ಮೇಲೊಂದು ಮಿಳ್ಳೆ ತುಪ್ಪ. ನಾನು ನಾಲ್ಕು ತಿಂದೆನೆಂದು ಶ್ರೀಮತಿಯವರು ಹೇಳುತ್ತಾರೆ. ಮೂರೆಂದು ನನ್ನ ನೆನಪು. ಮಾವನವರು ಮಾತ್ರ ಎಂದಿನಂತೆ, "ಕಡುಬು ಚೆನ್ನಾಗಿದೆ, ಅಕ್ಕಿ ನಮ್ಮದಲ್ಲ" ಎಂದರು. ಅವರ ತಂದೆಯ ಗದ್ದೆಯಲ್ಲಿ ರಾಜಮುಡಿ ಬೆಳೆಯುತ್ತಿತ್ತಂತೆ. ಮೈಸೂರು ಅರಮನೆಗೆ ಸಲ್ಲುತ್ತಿತ್ತೆಂದು ಪ್ರತೀತಿಯಿರುವ ಕೆಂಪುಛಾಯೆಯ ಅಕ್ಕಿ ಅದು. "ಆ ಗದ್ದೆ ಈಗ ಎಲ್ಲಿಂದ ತರಲಿ?" ಎಂಬುದು ಅತ್ತೆಯವರ ಎಂದಿನ ಉತ್ತರ.

ಪಾಳ್ಯ, ಬಾಳ್ಳುಪೇಟೆಗಳನ್ನು ದಾಟುತ್ತಿದ್ದಂತೆ ಗದ್ದೆಗಳು ಹಿಂದುಳಿದು ಕಾಫಿತೋಟಗಳು ಎರಡೂ ಕಡೆ ಒತ್ತಿಬಂದವು. ಸಿಲ್ವರ್ ಮರಗಳ ನೆರಳು, ಅವುಗಳ ಮೈಗೆ ಹಬ್ಬಿದ ಮೆಣಸಿನಬಳ್ಳಿ, ಕೆಳಗೆ ಇನ್ನೂ ಹಸುರಾಗಿದ್ದ ಕಾಫಿಕಾಯಿ. ಸಕಲೇಶಪುರ ದಾಟಿ ಮಂಗಳೂರಿನ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ದೋಣಿಗಾಲಿನ ಬಳಿ ಕೋಟೆಯ ಗುಡ್ಡ ಸಿಗುತ್ತದೆ. ಮೆಟ್ಟಿಲುಗಳು ಇನ್ನೂರಕ್ಕೂ ಹೆಚ್ಚು. ಎಣಿಸಲು ಆರಂಭಿಸಿದ ಮಗ ಅರ್ಧದಲ್ಲಿ ತಪ್ಪಿದ. ನಾನು ಅರ್ಧದಲ್ಲಿ ಕುಳಿತೆ.

ಮಂಗಳೂರು ಕರಾವಳಿಗೆ ಇಳಿಯುವ ದಾರಿಯನ್ನು ಕಾಯುವುದಕ್ಕಾಗಿ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದನೆನ್ನಲಾಗುವ ಈ ದುರ್ಗ ಸಮುದ್ರಮಟ್ಟದಿಂದ ಸುಮಾರು 3,240 ಅಡಿ ಎತ್ತರದಲ್ಲಿದೆ. ಎಂಟು ಮೂಲೆಗಳ ನಕ್ಷತ್ರದ ಆಕಾರ ಇದರ ವಿಶೇಷ. ಫ್ರೆಂಚ್ ದುರ್ಗಶಿಲ್ಪಿ ವೊಬಾನ್‌ನ ಪದ್ಧತಿಯದು. ಗೋಡೆ ನೇರವಾಗಿದ್ದರೆ ಅದರ ಬುಡಕ್ಕೆ ಬಂದ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಮೂಲೆ ಮುಂದೆ ಚಾಚಿದ್ದರೆ ಒಂದು ಮೂಲೆಯವರು ಮತ್ತೊಂದರ ಬುಡವನ್ನು ಕಾಯಬಲ್ಲರು. ಇದನ್ನೆಲ್ಲ ನಾನು ತರಗತಿಯ ಧಾಟಿಯಲ್ಲಿ ವಿವರಿಸಿದ ಮೇಲೆ ಮಗಳು, "ಅಪ್ಪಾ, ನಕ್ಷತ್ರ ಎಲ್ಲಿ?" ಎಂದಳು. ಅದೇ ತೊಡಕು. ನಕ್ಷತ್ರ ಕಾಣಬೇಕಾದರೆ ಆಕಾಶದಿಂದ ನೋಡಬೇಕು. ಒಳಗೆ ನಿಂತವರಿಗೆ ಗೋಡೆ, ಹುಲ್ಲು, ನಡುವೆ ಶಿಲುಬೆಯಾಕಾರದ ಮೆಟ್ಟಿಲುಕೊಳ, ಪಕ್ಕದಲ್ಲಿ ಮದ್ದಿನ ನೆಲಮನೆಗಳು, ಅಷ್ಟೇ. ಕೊನೆಗೆ ಮೊಬೈಲಿನಲ್ಲಿ ಚಿತ್ರ ತೋರಿಸಿ ಮಾನ ಉಳಿಸಿಕೊಂಡೆ. ಅಷ್ಟರಲ್ಲಿ ಮಂಜು ಬಂದು ಕೋಟೆಯನ್ನೇ ನುಂಗಿತು. ಈ ಮಂಜನ್ನು ಕಂಡೇ ಸುಲ್ತಾನನು ಮಂಜರಾಬಾದ್ ಎಂದು ಹೆಸರಿಟ್ಟನೆಂಬ ಕಥೆಯನ್ನು ಭಾಷಾಶಾಸ್ತ್ರ ಒಪ್ಪಲಿ ಬಿಡಲಿ, ಆ ಗಳಿಗೆಯಲ್ಲಿ ನಾನು ಒಪ್ಪಿದೆ.

ಸಕಲೇಶಪುರದಲ್ಲಿ ಹೇಮಾವತಿಯ ದಂಡೆಯ ಸಕಲೇಶ್ವರನಿಗೆ ಕೈಮುಗಿದು, ಹೊಳೆ ಕಾಣುವ ಒಂದು ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಕ್ಕಿರೊಟ್ಟಿ, ಬದನೆಯ ಎಣ್ಣೆಗಾಯಿ, ಮೊಸರನ್ನ, ಮಳೆಗಾಲದಲ್ಲಿ ಹಾಕಿಟ್ಟ ಕಳಲೆಯ ಉಪ್ಪಿನಕಾಯಿ. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದಲ್ಲದೆ ಅದರ ಕಹಿಯೂ ನಂಜೂ ಹೋಗುವುದಿಲ್ಲವಂತೆ. ಊಟದ ಬಳಿಕ ಮಾವನವರು ಹೊಳೆಗಿಳಿದು ಕಾಲು ತೊಳೆದುಕೊಂಡು ಬಹಳ ಹೊತ್ತು ನೀರಿನಲ್ಲೇ ನಿಂತಿದ್ದರು. "ಇದೇ ನೀರು ಅಲ್ಲಿಗೆ ಹೋಗೋದು" ಎಂದು ಮೊಮ್ಮಗನಿಗೆ ಹೇಳುತ್ತಿದ್ದುದು ಕೇಳಿಸಿತು.

ಮರಳುವ ದಾರಿಯಲ್ಲಿ ಮಗನಿಗೆ ಆನೆಯ ಚಿಂತೆ. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡಿ ಪ್ರಾಣಬಿಟ್ಟದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ. ಆಲೂರು, ಸಕಲೇಶಪುರಗಳ ತೋಟದವರು ಕತ್ತಲಾದ ಮೇಲೆ ಹೊರಗೆ ತಿರುಗಲು ಹಿಂಜರಿಯುತ್ತಾರೆ. ಆದುದರಿಂದ ಬೆಳಕಿರುವಾಗಲೇ ಮನೆ ಸೇರಬೇಕೆಂಬುದು ಅತ್ತೆಯವರ ಕಟ್ಟಪ್ಪಣೆ.

ಹಳ್ಳಿದಾರಿಗಳನ್ನು ಬಳಸಿ ಶೆಟ್ಟಿಹಳ್ಳಿಗೆ ಬಂದಾಗ ಬಿಸಿಲು ಬಾಗಿತ್ತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚು ಸೂರು ಕಳೆದುಕೊಂಡು, ಕಮಾನುಗಳ ಅರ್ಧದವರೆಗೆ ನೀರಲ್ಲಿ ನಿಂತಿತ್ತು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು, 37 ಟಿಎಂಸಿ ನೀರು ಹಿಡಿಯುವ ಜಲಾಶಯ ತುಂಬಿದಾಗ ಇಲ್ಲಿಯ ಜನ ಎದ್ದುಹೋದರು. ಮಂಡ್ಯ, ತುಮಕೂರುಗಳ ಹೊಲಗಳಿಗೆ ನೀರು ಹೋಯಿತು. ನನ್ನ ಕಾಲೇಜಿರುವ ಊರಿನ ನಲ್ಲಿಯಲ್ಲಿ ಬರುವುದೂ ಅದೇ ನೀರೆಂಬುದು ನನಗೆ ಅಲ್ಲಿ ನಿಂತಾಗ ಹೊಳೆಯಿತು, ಬಾಯಿಬಿಟ್ಟು ಹೇಳಲಿಲ್ಲ.

ಸುತ್ತ ಹತ್ತಾರು ಮಂದಿ ಪಟ ತೆಗೆಯುತ್ತಿದ್ದರು. ನಾನೂ ತೆಗೆದೆ. ಮಾವನವರು ಚರ್ಚನ್ನು ನೋಡಲೇ ಇಲ್ಲ. ಅದನ್ನು ಒಂದು ಗುರುತಿನ ಕಂಬದಂತೆ ಇಟ್ಟುಕೊಂಡು, ಅದರಾಚೆ ಬಯಲಾದ ನೀರಿನ ಮೇಲೆ ಬೆರಳಿಂದ ಗೆರೆ ಎಳೆದರು. "ಅಲ್ಲಿ ಹುಣಸೆಮರ. ಅಲ್ಲಿಂದ ಈಚೆಗೆ ನಮ್ಮ ಗದ್ದೆ. ಚರ್ಚಿನ ಗಂಟೆ ಕೇಳಿದಾಗ ನಾವು ದನ ಬಿಡ್ತಿದ್ದೆವು." ಹನ್ನೊಂದು ವರ್ಷಗಳಲ್ಲಿ ಆ ಮನೆಯವರ ಬಾಯಲ್ಲಿ 'ಹಳೇ ಊರು' ಎಂಬ ಮಾತನ್ನು ನೂರು ಸಲ ಕೇಳಿದ್ದೆ; ಅದು ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಮುಳುಗುವಾಗ ಅವರಿಗೆ ಇಪ್ಪತ್ತೇಳು. ಅಂದಿನಿಂದ ಅವರು ಈ ದಂಡೆಗೆ ಬಂದದ್ದು ಇದೇ ಮೊದಲೆಂದು ಶ್ರೀಮತಿಯವರು ಆಮೇಲೆ ಹೇಳಿದರು.

"ತಾತ, ಈಗ ನಿಮ್ಮನೇಲಿ ಮೀನು ಇರುತ್ತಾ?" ಎಂದಳು ಮಗಳು. ನನಗೆ ಎದೆ ಧಸಕ್ಕೆಂದಿತು.

"ಇರುತ್ತೆ ಪುಟ್ಟಿ. ಬಾಡಿಗೆ ಮಾತ್ರ ಕೊಡಲ್ಲ" ಎಂದು ಅವರು ಗಟ್ಟಿಯಾಗಿ ನಕ್ಕರು. ಅತ್ತೆಯವರೂ ನಕ್ಕು, ಸೆರಗಿನಿಂದ ಕಣ್ಣೊರಸಿಕೊಂಡರು.

ನಮ್ಮ ಹೋಬಳಿಯಲ್ಲಿ ಆನೆ ಓಡಾಡುತ್ತಿದೆಯೆಂದು ಅಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂದುದರಿಂದ ಅವಸರದಲ್ಲಿ ಹೊರಟೆವು. ಕಾರು ಹತ್ತುವಾಗ ಮಾವನವರು, "ಬೇಸಗೇಲಿ ಬರಬೇಕು ನೀವು. ನೀರು ಇಳಿದರೆ ನಮ್ಮ ಬಾವಿ ಕಟ್ಟೆ ಕಂಡರೂ ಕಾಣಬಹುದು" ಎಂದರು. ಬೇಸಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನವಿರುತ್ತದೆಂದು ಹೇಳಲು ನಾನು ಬಾಯಿ ತೆರೆದೆ. ಶ್ರೀಮತಿಯವರು ಒಮ್ಮೆ ನನ್ನ ಕಡೆ ನೋಡಿದರು.

ಏಪ್ರಿಲಿನಲ್ಲಿ ಹೋಗುವುದೆಂದು ನಿಶ್ಚಯವಾಗಿದೆ.